ಎಂಟು ಬೆರಳಿನ ಪ್ರಶ್ನೆ: ಜಾಣ ಮಕ್ಕಳ ಓದು ಮತ್ತು ಒತ್ತಾಸೆ



ಈ ಉಪನ್ಯಾಸಕ್ಕೆ ದತ್ತಿ ಇಟ್ಟವರ ಹೆಸರನ್ನು ವೇದಿಕೆಯ ಮೇಲೆ ಎತ್ತಬಾರದೆಂದು ಮನೆಯವರು ಕೇಳಿಕೊಂಡಿದ್ದಾರೆ, ಎತ್ತುವುದಿಲ್ಲ. ಅವರು ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದರು, ಉಪನ್ಯಾಸ ಮಾಸ್ತರರ ಉಪಯೋಗಕ್ಕೆ ಬರಬೇಕೆಂಬ ಒಂದೇ ಷರತ್ತು ಹಾಕಿದ್ದರು ಎಂಬಷ್ಟನ್ನು ಮಾತ್ರ ಹೇಳುತ್ತೇನೆ. ಆ ಷರತ್ತಿನಿಂದ ನನಗೆ ಅನುಕೂಲವೇ ಆಯಿತು. ಮಹಾಮೇಧಾವಿಗಳ ಬಾಲ್ಯದ ಪವಾಡಗಳನ್ನು ಒಂದರ ಹಿಂದೊಂದು ಹೇಳಿ ಚಪ್ಪಾಳೆ ಗಿಟ್ಟಿಸುವ ದಾರಿ ಮುಚ್ಚಿತು. ತರಗತಿಯಲ್ಲಿ ನಲವತ್ತು ಮಕ್ಕಳಿದ್ದಾಗ, ಅವರಲ್ಲಿ ಒಂದು ಮಗು ಉಳಿದವರಿಗಿಂತ ಮೂರು ವರ್ಷ ಮುಂದೆ ಯೋಚಿಸುತ್ತಿದ್ದರೆ, ಆ ಮಗುವಿಗೆ ಏನು ಕೊಡಬೇಕು, ಎಲ್ಲಿಂದ ತರಬೇಕು ಎಂಬುದಷ್ಟೇ ಇವತ್ತಿನ ಮಾತು.

ನಾನು ಕಂಡ ಒಬ್ಬ ಹುಡುಗಿಯಿಂದ ಶುರು ಮಾಡುತ್ತೇನೆ. ನವಲಗುಂದ ತಾಲ್ಲೂಕಿನ ಒಂದು ಸರ್ಕಾರಿ ಶಾಲೆ, ಏಳನೇ ತರಗತಿ. ಶಿಕ್ಷಕರ ತರಬೇತಿಯ ಕೆಲಸದ ಮೇಲೆ ಹೋಗಿದ್ದ ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಬೋರ್ಡಿನ ಮೇಲೆ ಭಾಗಾಕಾರದ ನಿಯಮಗಳು ನಡೆದಿದ್ದವು. ಒಂದು ಸಂಖ್ಯೆ ಮೂರರಿಂದ ಭಾಗವಾಗುತ್ತದೋ ಇಲ್ಲವೋ ತಿಳಿಯಲು ಅದರ ಅಂಕಿಗಳನ್ನು ಕೂಡಿಸಿ ನೋಡಿದರೆ ಸಾಕು, ಒಂಬತ್ತಕ್ಕೂ ಹಾಗೆಯೇ. ಹುಡುಗಿ ಎದ್ದು ನಿಂತು, "ಸರ, ಏಳಕ್ಕ ಯಾಕ ಹಂಗ ಬರೂದಿಲ್ಲ?" ಎಂದಳು. ಪಾಠ ಮಾಡುತ್ತಿದ್ದವರು, "ಏಳಕ್ಕ ನಿಯಮ ಇಲ್ಲವಾ, ಕೂಡು," ಎಂದರು. ಅವರದೂ ತಪ್ಪಲ್ಲ, ಪಠ್ಯ ಮುಗಿಸಬೇಕಿತ್ತು. ಬಿಡುವಿನಲ್ಲಿ ಆಕೆಯನ್ನು ಕರೆದು, ಹತ್ತನ್ನು ಒಂಬತ್ತರಿಂದ ಭಾಗಿಸಿದರೆ ಒಂದು ಉಳಿಯುತ್ತದೆ, ನೂರನ್ನು ಭಾಗಿಸಿದರೂ ಒಂದೇ, ಸಾವಿರಕ್ಕೂ ಒಂದೇ, ಅದಕ್ಕಾಗಿ ಅಂಕಿಗಳನ್ನು ಸುಮ್ಮನೆ ಕೂಡಿಸಿದರೆ ನಡೆಯುತ್ತದೆ ಎಂದೆ. ಏಳರಿಂದ ಭಾಗಿಸಿದರೆ ಹತ್ತಕ್ಕೆ ಮೂರು ಉಳಿಯುತ್ತದೆ, ನೂರಕ್ಕೆ ಎರಡು, ಸಾವಿರಕ್ಕೆ ಆರು. ಆಕೆ ಸ್ವಲ್ಪ ಹೊತ್ತು ತನ್ನ ಕೈ ನೋಡಿಕೊಂಡು ನಿಂತಳು. ಆಮೇಲೆ ಕೇಳಿದ್ದು: "ಹಂಗಾರ ನಮಗ ಎಂಟ ಬಟ್ಟ ಇದ್ದಿದ್ರ ಏಳಕ್ಕೂ ಬರ್ತಿತ್ತೇನ್ರಿ?"

ಬರುತ್ತಿತ್ತು. ಹತ್ತರ ಬದಲು ಎಂಟೆಂಟರ ಗುಂಪು ಮಾಡಿ ಎಣಿಸುವ ಜನ ನಾವಾಗಿದ್ದರೆ, ತೊಂಬತ್ತೊಂದನ್ನು 133 ಎಂದು ಬರೆಯುತ್ತಿದ್ದೆವು: ಅರವತ್ತನಾಲ್ಕು ಒಂದು, ಎಂಟು ಮೂರು, ಬಿಡಿ ಮೂರು. ಒಂದು, ಮೂರು, ಮೂರು ಕೂಡಿಸಿದರೆ ಏಳು. ತೊಂಬತ್ತೊಂದು ಏಳರಿಂದ ಭಾಗವಾಗುತ್ತದೆ. ನಾವು ಮೇಲೆತ್ತಿ ಇಟ್ಟುಕೊಂಡಿದ್ದ ನಿಯಮಕ್ಕೆ ಕಾರಣ ಮೂರರಲ್ಲೂ ಇಲ್ಲ, ಒಂಬತ್ತರಲ್ಲೂ ಇಲ್ಲ, ಮನುಷ್ಯನ ಕೈಯಲ್ಲಿದೆ ಎಂಬುದು ಆ ಹುಡುಗಿಗೆ ಬಿಡುವಿನ ಹತ್ತು ನಿಮಿಷದಲ್ಲಿ ಹೊಳೆಯಿತು.

ಆಕೆಯ ಅಂಕಗಳನ್ನು ನೋಡಿದೆ. ಸಾಧಾರಣ. ಉತ್ತರ ಸರಿ ಇರುತ್ತಿತ್ತು, ನಡುವಿನ ಹಂತಗಳನ್ನು ಬರೆಯುತ್ತಿರಲಿಲ್ಲ, ಅಂಕ ಹೋಗುತ್ತಿತ್ತು. ಹೆಡ್‌ಮಾಸ್ತರರು ನಗುತ್ತಲೇ, "ಬಾಳ ಅಧಿಕಪ್ರಸಂಗಿ ಅದಾಳ್ರಿ," ಎಂದರು. ಇಂಥ ಮಕ್ಕಳಿಗೆ ನಮ್ಮ ಶಾಲೆಗಳಲ್ಲಿ ಸಿಗುವ ಮೊದಲ ಪದವಿ ಇದೇ.

ಈಗ ಈ ಊರಿನ ಒಂದು ಸಂಗತಿ. ಮಕ್ಕಳ ಬುದ್ಧಿಯನ್ನು ಅಳೆಯುವ ಪರೀಕ್ಷೆಯನ್ನು ಆಲ್ಫ್ರೆಡ್ ಬಿನೆ ಎಂಬ ಫ್ರೆಂಚ್ ಮನಶ್ಶಾಸ್ತ್ರಜ್ಞ 1905ರಲ್ಲಿ ತಯಾರಿಸಿದರು. ಅದನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿದವರು ವಿ. ವಿ. ಕಾಮತ್. ಆ ಕೆಲಸ ನಡೆದದ್ದು ಇದೇ ಧಾರವಾಡದ ಮಕ್ಕಳ ನಡುವೆ, ಮುಂಬೈ ಇಲಾಖೆಯ ಕಾಲದಲ್ಲಿ. ಅವರ ಪುಸ್ತಕ 1940ರಲ್ಲಿ ಹೊರಬಂತು. ಬಿನೆ–ಕಾಮತ್ ಪರೀಕ್ಷೆ ಎಂದರೆ ಇವತ್ತಿಗೂ ನಮ್ಮ ಆಸ್ಪತ್ರೆಗಳ ಮನಶ್ಶಾಸ್ತ್ರಜ್ಞರಿಗೆ ಗೊತ್ತು. ಆದರೆ ಅದು ಹೆಚ್ಚಾಗಿ ಬಳಕೆಯಾಗುವುದು ಬೌದ್ಧಿಕ ಬೆಳವಣಿಗೆ ಹಿಂದುಳಿದ ಮಕ್ಕಳಿಗೆ ಪ್ರಮಾಣಪತ್ರ ಕೊಡುವಾಗ. ಆ ಮಕ್ಕಳಿಗೆ ಅದು ಬೇಕು, ಸಿಗಲೇಬೇಕು. ಮುಂದೆ ಓಡುತ್ತಿರುವ ಮಗುವನ್ನು ಅದೇ ಪರೀಕ್ಷೆಗೆ ಕರೆದೊಯ್ದವರನ್ನು ಮಾತ್ರ ನಾನು ಅಪರೂಪಕ್ಕೆ ನೋಡಿದ್ದೇನೆ.

ಕರೆದೊಯ್ಯಬೇಕೇ? ನನ್ನ ಉತ್ತರ, ಅವಸರವೇನೂ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಲೂಯಿಸ್ ಟರ್ಮನ್ 1921ರಲ್ಲಿ ಬುದ್ಧಿಸೂಚ್ಯಂಕ ಹಿಡಿದು ಸುಮಾರು 1,500 ಮಕ್ಕಳನ್ನು ಆರಿಸಿ, ಅವರ ಬದುಕನ್ನು ದಶಕಗಟ್ಟಲೆ ಹಿಂಬಾಲಿಸಿದರು. ಅವರು ಪರೀಕ್ಷಿಸಿ ಕೈಬಿಟ್ಟ ಹುಡುಗರಲ್ಲಿ ವಿಲಿಯಂ ಶಾಕ್ಲಿ, ಲೂಯಿ ಆಲ್ವರೆಜ್ ಇಬ್ಬರೂ ಇದ್ದರು. ಶಾಕ್ಲಿಗೆ 1956ರಲ್ಲಿ, ಆಲ್ವರೆಜ್‌ಗೆ 1968ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಆರಿಸಿಕೊಂಡವರಲ್ಲಿ ಒಬ್ಬರಿಗೂ ಬರಲಿಲ್ಲ. ನೊಬೆಲ್ ಬಂದರೆ ಮಾತ್ರ ಜಾಣತನ ಎಂದು ನಾನು ಹೇಳುತ್ತಿಲ್ಲ. ಒಂದು ಸಂಖ್ಯೆಗೆ ಅಷ್ಟೊಂದು ಮರ್ಯಾದೆ ಕೊಡಬೇಡಿ ಎನ್ನುತ್ತಿದ್ದೇನೆ.

ಮಾಸ್ತರರಿಗೆ ಉಪಯೋಗ ಬೀಳುವ ಉಪಾಯ ಇನ್ನೊಬ್ಬರದು. ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಜೂಲಿಯನ್ ಸ್ಟಾನ್ಲಿ 1971ರಲ್ಲಿ ಗಣಿತದ ಜಾಣ ಮಕ್ಕಳ ಅಧ್ಯಯನ ಶುರು ಮಾಡಿದಾಗ, ಹನ್ನೆರಡು ಹದಿಮೂರರ ಮಕ್ಕಳಿಗೆ ಕಾಲೇಜು ಪ್ರವೇಶದ ಪರೀಕ್ಷೆಯನ್ನೇ ಕೊಟ್ಟರು. ತರಗತಿಯ ಪರೀಕ್ಷೆಯಲ್ಲಿ ಐದು ಮಕ್ಕಳಿಗೆ ನೂರಕ್ಕೆ ನೂರು ಬಂದರೆ ಅವರಲ್ಲಿ ಯಾರು ಎಷ್ಟು ದೂರ ಹೋಗಬಲ್ಲರು ಎಂಬುದು ತಿಳಿಯುವುದಿಲ್ಲ. ಮೇಲಿನ ತರಗತಿಯ ಕಾಗದ ಕೊಟ್ಟರೆ ತಿಳಿಯುತ್ತದೆ. ಇದಕ್ಕೆ ಮನಶ್ಶಾಸ್ತ್ರಜ್ಞರು ಬೇಡ, ಅನುದಾನ ಬೇಡ. ಏಳನೇ ತರಗತಿಯ ಮಗುವಿಗೆ ಒಂಬತ್ತರ ಗಣಿತ ಪುಸ್ತಕ ಕೊಟ್ಟು ಒಂದು ವಾರ ಬಿಡಿ. ಅಂಕ ಹಾಕಬೇಡಿ. ಎಲ್ಲಿ ನಿಂತಿತು, ನಿಂತಲ್ಲಿ ಏನು ಕೇಳಿತು, ಅದನ್ನು ಬರೆದಿಟ್ಟುಕೊಳ್ಳಿ.

ಗುರುತಿಸಿದ ಮೇಲೆ? ಸರ್ಕಾರದ ಬಾಗಿಲುಗಳಲ್ಲಿ ಕೆಲವು ತೆರೆದಿವೆ, ಕೆಲವು ಮುಚ್ಚಿವೆ. 1963ರಲ್ಲಿ ದೆಹಲಿಯಲ್ಲಿ ಬರೀ ಹತ್ತು ವಿದ್ಯಾರ್ಥಿವೇತನಗಳೊಂದಿಗೆ ಶುರುವಾಗಿ ದೇಶವೆಲ್ಲ ಹಬ್ಬಿದ ರಾಷ್ಟ್ರೀಯ ಪ್ರತಿಭಾನ್ವೇಷಣೆ ಪರೀಕ್ಷೆ 2021ರಿಂದ ನಿಂತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ನಡೆಸುತ್ತಿದ್ದ ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆ 1999ರಲ್ಲಿ ಹುಟ್ಟಿ 2022ರಲ್ಲಿ ಇನ್‌ಸ್ಪೈರ್ ಯೋಜನೆಯೊಳಗೆ ಕರಗಿತು. ನವೋದಯ ವಿದ್ಯಾಲಯಗಳು ಉಳಿದಿವೆ. ಆರನೇ ತರಗತಿಗೆ ಪ್ರವೇಶ ಪರೀಕ್ಷೆ, ಕನ್ನಡದಲ್ಲೂ ಬರೆಯಬಹುದು, ಮುಕ್ಕಾಲು ಸೀಟು ಹಳ್ಳಿಯ ಮಕ್ಕಳಿಗೆ, ಊಟ ವಸತಿ ಉಚಿತ. ನವೋದಯಕ್ಕೆ ಹೋದ ಮಕ್ಕಳನ್ನು ನೋಡಿ ನನಗೆ ಸಂತೋಷವೇ ಆಗಿದೆ. ಆದರೆ ಇಡೀ ಜಿಲ್ಲೆಗೆ ಒಂದು ಶಾಲೆ, ತರಗತಿಗೆ ಎಂಬತ್ತು ಸೀಟು. ಉಳಿದವರು ಊರಲ್ಲೇ ಇದ್ದಾರೆ, ನಿಮ್ಮ ತರಗತಿಯಲ್ಲೇ ಇದ್ದಾರೆ.

ಆ ಉಳಿದವರಿಗೆ ನಿಜವಾಗಿ ಕೈಗೆ ಸಿಗುವುದು ಎನ್‌ಎಂಎಂಎಸ್, ಅಂದರೆ ಬಡ ಮನೆಯ ಜಾಣ ಮಕ್ಕಳಿಗೆ ಪರೀಕ್ಷೆಯ ಮೂಲಕ ಕೊಡುವ ವಿದ್ಯಾರ್ಥಿವೇತನ. ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಎಷ್ಟೋ ಮಕ್ಕಳು ಸೋಲುವುದು ಪರೀಕ್ಷೆಯಲ್ಲಲ್ಲ, ಕಾಗದಪತ್ರದಲ್ಲಿ. 2008ರಲ್ಲಿ ಬಂದ ಕೇಂದ್ರದ ಯೋಜನೆ ಇದು. ದೇಶಕ್ಕೆ ವರ್ಷಕ್ಕೆ ಒಂದು ಲಕ್ಷ ಹೊಸ ವೇತನಗಳು. ಎಂಟನೇ ತರಗತಿಯಲ್ಲಿ ಪರೀಕ್ಷೆ, ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ. ಸರ್ಕಾರಿ, ಅನುದಾನಿತ, ಸ್ಥಳೀಯ ಸಂಸ್ಥೆಗಳ ಶಾಲೆಯ ಮಕ್ಕಳಿಗೆ ಮಾತ್ರ. ಊಟ ವಸತಿ ಕೊಡುವ ಸರ್ಕಾರಿ ವಸತಿ ಶಾಲೆಯ ಮಕ್ಕಳಿಗೆ ಇಲ್ಲ. ಮನೆಯ ವರಮಾನ ಮೂರೂವರೆ ಲಕ್ಷ ದಾಟಿರಬಾರದು, ಏಳನೇ ತರಗತಿಯಲ್ಲಿ ಶೇಕಡಾ 55 ಅಂಕ ಇರಬೇಕು, ಪರಿಶಿಷ್ಟ ಮಕ್ಕಳಿಗೆ ಐದು ರಿಯಾಯಿತಿ. ಎರಡು ಕಾಗದ: ಒಂದು ಬೌದ್ಧಿಕ ಸಾಮರ್ಥ್ಯದ್ದು, ಇನ್ನೊಂದು ಪಠ್ಯದ್ದು, ತಲಾ ತೊಂಬತ್ತು ಪ್ರಶ್ನೆ. ಮೊದಲನೆಯ ಕಾಗದದಲ್ಲಿ ನಮ್ಮ ಅಧಿಕಪ್ರಸಂಗಿಗಳು ಮಿಂಚುತ್ತಾರೆ, ಅಲ್ಲಿ ಯಾರೂ ಹಂತ ಬರೆಯಲು ಹೇಳುವುದಿಲ್ಲ.

ನವಲಗುಂದದ ಹುಡುಗಿ ಇದರಲ್ಲಿ ಪಾಸಾದಳು. ಮೊದಲ ವರ್ಷದ ಹಣ ಬರಲಿಲ್ಲ. ಶಾಲೆಯ ದಾಖಲೆಯಲ್ಲಿ ಹೆಸರಿನ ಹಿಂದೆ ತಂದೆಯ ಹೆಸರು ಪೂರ್ತಿ ಇತ್ತು, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಒಂದೇ ಅಕ್ಷರ. ಒಂದು ಕಚೇರಿಯವರು ಇನ್ನೊಂದು ಕಚೇರಿಗೆ ಕಳಿಸಿದರು, ಅಲ್ಲಿಯವರು ಬ್ಯಾಂಕಿಗೆ, ಬ್ಯಾಂಕಿನವರು ಮತ್ತೆ ಶಾಲೆಗೆ. ಅಪ್ಪ ಹೊಲದ ಕೂಲಿ ಬಿಟ್ಟು ತಿರುಗಿದ ದಿನಗಳ ಲೆಕ್ಕ ಹಾಕಿದರೆ ವೇತನದ ಒಂದು ಪಾಲು ಅಲ್ಲೇ ಖರ್ಚಾಗಿತ್ತು. ಆದ್ದರಿಂದ ಮಾಸ್ತರರಲ್ಲಿ ನನ್ನ ವಿನಂತಿ: ಮಗು ಏಳನೇ ತರಗತಿಯಲ್ಲಿರುವಾಗಲೇ ಆಧಾರ್, ದಾಖಲಾತಿ ರಿಜಿಸ್ಟರ್, ಪಾಸ್‌ಬುಕ್ ಮೂರನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಹೆಸರನ್ನು ಅಕ್ಷರ ಬಿಡದೆ ಓದಿ ನೋಡಿ. ವೇತನವನ್ನು ಪ್ರತಿ ವರ್ಷ ನವೀಕರಿಸಬೇಕು ಎಂಬುದನ್ನು ತಾಯಿಗೂ ಹೇಳಿ. ಪ್ರತಿಭಾ ಪೋಷಣೆ ಎಂಬ ದೊಡ್ಡ ಮಾತಿನಲ್ಲಿ ಇಂಥ ಗುಮಾಸ್ತಗಿರಿಯೂ ಸೇರಿದೆ.

ಆಕೆ ಈಗೇನು ಮಾಡುತ್ತಿದ್ದಾಳೆ ಎಂದು ನಿಮಗೆ ಕೇಳಬೇಕೆನಿಸಬಹುದು. ಬಿ.ಎಸ್‌ಸಿ. ಓದಿದಳು, ಬ್ಯಾಂಕಿನಲ್ಲಿದ್ದಾಳೆ, ನೆಮ್ಮದಿಯಾಗಿದ್ದಾಳೆ. ಗಣಿತಜ್ಞೆ ಆಗಲಿಲ್ಲವಲ್ಲ ಎಂದು ಮರುಗುವ ಹಕ್ಕು ನನಗಿಲ್ಲ. ಆದರೆ ಎಂಟು ಬೆರಳಿನ ಪ್ರಶ್ನೆಯ ಮುಂದಿನ ಪ್ರಶ್ನೆಯನ್ನು ಕೇಳಲು ಆಕೆಗೆ ಹೈಸ್ಕೂಲಿನಲ್ಲಿ ಯಾರೂ ಸಿಗಲಿಲ್ಲ. ಹನ್ನೆರಡು ಸಾವಿರ ರೂಪಾಯಿ ಆ ಜಾಗವನ್ನು ತುಂಬುವುದಿಲ್ಲ. ನಾವು ಜರಡಿಗಳನ್ನು ಚೆನ್ನಾಗಿ ಮಾಡಿದ್ದೇವೆ, ಜರಡಿಯಲ್ಲಿ ಉಳಿದದ್ದನ್ನು ಎಲ್ಲಿ ಇಡಬೇಕೆಂದು ಯೋಚಿಸಿಲ್ಲ. ಇವತ್ತು ನಾನು ಹೇಳಬೇಕೆಂದು ಬಂದದ್ದು ಇಷ್ಟೇ.

ಆರಿಸಿದ ಮಗುವನ್ನು ಬೆಳೆಸುವುದು ಧಾರವಾಡಕ್ಕೆ ಗೊತ್ತಿಲ್ಲದ ವಿದ್ಯೆಯಲ್ಲ. ಗೊತ್ತಿದೆ, ಆದರೆ ಸಂಗೀತದಲ್ಲಿ ಮಾತ್ರ. ಇಬ್ಬರು ಮಕ್ಕಳನ್ನು ನೆನಪಿಸಿಕೊಳ್ಳಿ. ಬೆಳಗಾವಿ ಬಳಿಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಕೋಮಕಾಳಿಮಠ, ಗ್ರಾಮಫೋನಿನಲ್ಲಿ ಕೇಳಿದ ದೊಡ್ಡ ಗವಾಯಿಗಳ ಹಾಡನ್ನು ಯಥಾವತ್ತು ಒಪ್ಪಿಸುತ್ತಿದ್ದ. ಊರೂರು ವೇದಿಕೆ, ಹೋದಲ್ಲೆಲ್ಲ ಜನ. ಐದು ವರ್ಷ ಆಚೀಚೆ, ಬೆಂಗಳೂರಿನಲ್ಲಿ 1929ರಲ್ಲಿ ಹುಟ್ಟಿದ ಶಕುಂತಲಾ ದೇವಿ. ತಂದೆ ಸರ್ಕಸ್ಸಿನವರು. ಮೂರು ವರ್ಷದ ಮಗಳಿಗೆ ಇಸ್ಪೀಟಿನ ಆಟ ಕಲಿಸುವಾಗ ಆಕೆಯ ನೆನಪು ಎಂಥದೆಂದು ಕಂಡುಕೊಂಡು, ಸರ್ಕಸ್ ಬಿಟ್ಟು ಮಗಳ ಲೆಕ್ಕದ ಪ್ರದರ್ಶನಕ್ಕೆ ಇಳಿದರು. ಆರನೇ ವಯಸ್ಸಿಗೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಪ್ರದರ್ಶನ. ಎರಡೂ ಮಕ್ಕಳು ಮನೆ ನಡೆಸುವ ದುಡಿಮೆಗೆ ಬಂದವರೇ, ಎರಡೂ ಮಕ್ಕಳನ್ನು ಜನ ಬಾಯಿಬಿಟ್ಟುಕೊಂಡು ನೋಡಿದರು.

ಶಿವಪುತ್ರನನ್ನು ಹನ್ನೊಂದು ಹನ್ನೆರಡರ ಹೊತ್ತಿಗೆ ಮುಂಬೈನ ಸಂಗೀತ ಗುರು ಬಿ. ಆರ್. ದೇವಧರರ ಬಳಿ ಕಳಿಸಿದರು. ಅನುಕರಣೆ ಅಲ್ಲಿಗೆ ಮುಗಿದು ಕಲಿಕೆ ಶುರುವಾಯಿತು. ಕುಮಾರ ಗಂಧರ್ವರೆಂದು ಹೆಸರಾದ ಅವರು ಆಮೇಲೆ ಏನಾದರೆಂದು ಈ ಸಭೆಗೆ ಹೇಳಬೇಕಿಲ್ಲ. ಶಕುಂತಲಾ ದೇವಿಗೆ ದೇವಧರರಂಥವರು ಸಿಗಲಿಲ್ಲ, ಶಾಲೆಯ ಓದೂ ಆಗಲಿಲ್ಲ. 1977ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ 201 ಅಂಕಿಗಳ ಸಂಖ್ಯೆಯ ಇಪ್ಪತ್ತಮೂರನೇ ಮೂಲವನ್ನು ಐವತ್ತು ಸೆಕೆಂಡಿನಲ್ಲಿ ಹೇಳಿದರು. 1980ರಲ್ಲಿ ಲಂಡನ್ನಿನಲ್ಲಿ ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು ಇಪ್ಪತ್ತೆಂಟು ಸೆಕೆಂಡಿನಲ್ಲಿ ಗುಣಿಸಿದರು. ಅದ್ಭುತವೇ. ಆ ಮಿದುಳಿಗೆ ಹತ್ತನೇ ವಯಸ್ಸಿನಲ್ಲಿ ಸಂಖ್ಯಾಸಿದ್ಧಾಂತದ ಒಬ್ಬ ಒಳ್ಳೆಯ ಗುರು ಸಿಕ್ಕಿದ್ದರೆ ಎಂದು ನನಗೆ ಅನ್ನಿಸದೆ ಇರುವುದಿಲ್ಲ.

ಹಾಡುವ ಮಗುವಿಗೆ ನಾವು ಏನೇನು ಕೊಡುತ್ತೇವೆ ಗಮನಿಸಿ. ಗುರು ಮಗುವಿನ ವಯಸ್ಸು ಕೇಳುವುದಿಲ್ಲ, ಎಷ್ಟು ಬಂದಿದೆ ಎಂದು ಕೇಳುತ್ತಾರೆ. ಭೂಪ ಕೂತ ಮೇಲೆ ಯಮನ್, ಅದು ಹತ್ತು ವಾರವಾಗಲಿ, ಹತ್ತು ತಿಂಗಳಾಗಲಿ. ಒಂಬತ್ತರ ಹುಡುಗ ಹತ್ತೊಂಬತ್ತರವನ ಪಕ್ಕ ಕೂತು ತಂಬೂರಿ ಹಿಡಿಯುತ್ತಾನೆ, ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ. ತಪ್ಪಿದರೆ ಬೈಗುಳ ಬೀಳುತ್ತದೆ, ಏಕೆಂದರೆ ಜಾಣ ಮಗು ಎಂದರೆ ಹೆಚ್ಚು ಕೆಲಸ ಕೊಡಬೇಕಾದ ಮಗು ಎಂದು ಗುರುವಿಗೆ ಗೊತ್ತು. ಲೆಕ್ಕ ಮಾಡುವ ಮಗುವಿಗೆ ಇದರಲ್ಲಿ ಒಂದೂ ಇಲ್ಲ. ಬೇಗ ಮುಗಿಸಿದರೆ ಅಂಥವೇ ಇನ್ನೂ ಹತ್ತು ಲೆಕ್ಕ, ಇಲ್ಲವೇ ಹಿಂದುಳಿದವರಿಗೆ ಹೇಳಿಕೊಡುವ ಚಾಕರಿ, ಇಲ್ಲವೇ ಬೋರ್ಡು ಒರೆಸುವ ಕೆಲಸ.

ಇನ್ನು ಪ್ರದರ್ಶನದ ಚಟ ನಮ್ಮನ್ನು ಬಿಟ್ಟಿಲ್ಲ. ಕೆಲವು ವರ್ಷಗಳ ಹಿಂದೆ ಮಿದುಳಿನ ಮಧ್ಯಭಾಗವನ್ನು ಎಚ್ಚರಿಸುತ್ತೇವೆ ಎಂದು ಸಾವಿರಾರು ರೂಪಾಯಿ ಕಿತ್ತು, ಮಕ್ಕಳ ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುವ ತರಗತಿಗಳು ಊರೂರಲ್ಲಿ ಎದ್ದವು. ಮಂಗಳೂರಿನ ನರೇಂದ್ರ ನಾಯಕ್ ಅದನ್ನು ಬಯಲು ಮಾಡುತ್ತ ತಿರುಗಿದರು. ಮಕ್ಕಳು ಓದುತ್ತಿದ್ದದ್ದು ಮೂಗಿನ ಪಕ್ಕದ ಸಂದಿಯಿಂದ. ಹಣ ಕೊಟ್ಟ ತಂದೆತಾಯಿಯನ್ನು ನಾನು ಮೂರ್ಖರೆನ್ನುವುದಿಲ್ಲ. ಮಗುವಿಗೆ ಏನೋ ಬೇಕಾಗಿದೆ ಎಂದು ಅವರಿಗೆ ತಿಳಿದಿತ್ತು, ಕೇಳಲು ಸರಿಯಾದ ಜಾಗ ಇರಲಿಲ್ಲ.

ಹಿಂದೆ ಜಾಗ ಇತ್ತೇ? ಇತ್ತು, ಕೆಲವರಿಗೆ. ವಾರಾನ್ನ ಉಂಡು ಓದಿದವರ ಆತ್ಮಕಥೆಗಳು ಕನ್ನಡದಲ್ಲಿ ಬೇಕಾದಷ್ಟಿವೆ. ಆ ವ್ಯವಸ್ಥೆ ಹುಡುಗನ ಬುದ್ಧಿಯ ಜೊತೆಗೆ ಜಾತಿಯನ್ನೂ ನೋಡುತ್ತಿತ್ತು, ಹುಡುಗಿಯರನ್ನಂತೂ ನೋಡುತ್ತಲೇ ಇರಲಿಲ್ಲ. ಸಿದ್ಧಗಂಗೆಯಲ್ಲಿ, ನಮ್ಮ ಮುರುಘಾಮಠದಲ್ಲಿ ಉಚಿತ ಪ್ರಸಾದ ನಿಲಯಗಳು ತೆರೆದ ಮೇಲೆ ಬಾಗಿಲು ಅಗಲವಾಯಿತು. ನನಗೆ ಹೆಚ್ಚು ಪಾಠ ಕಲಿಸುವ ಕಥೆ ಎಚ್. ನರಸಿಂಹಯ್ಯನವರದು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಹುಡುಗ. ಮುಂದೆ ಓದಲು ಬೆಂಗಳೂರಿಗೆ ಬಾ ಎಂದು ಒಬ್ಬ ಶಿಕ್ಷಕರು ಕರೆದರು, ಬಸ್ಸಿಗೆ ಹಣವಿಲ್ಲದೆ ಹುಡುಗ ನಡೆದೇ ಹೋದ. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಆಮೇಲಿನದು ನನಗೆ ಮುಖ್ಯ. ಅಮೆರಿಕದಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿ ಬಂದವರು 1962ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರು ಮಾಡಿದರು. ವಾರಕ್ಕೊಂದು ವಿಜ್ಞಾನದ ಉಪನ್ಯಾಸ, ಯಾರು ಬೇಕಾದರೂ ಬಂದು ಕೂರಬಹುದು. ಪ್ರವೇಶ ಪರೀಕ್ಷೆ ಇಲ್ಲ, ವಯಸ್ಸಿನ ಕಟ್ಟಿಲ್ಲ. ಹೈಸ್ಕೂಲು ಹುಡುಗ ವಿಜ್ಞಾನಿಯನ್ನು ಎದುರಿಗೇ ಪ್ರಶ್ನೆ ಕೇಳಬಹುದಿತ್ತು. ಒಂದು ಸಭಾಂಗಣ, ಒಂದು ಹಲಗೆ, ಹಠ ಬಿಡದ ಒಬ್ಬ ಮನುಷ್ಯ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಈ ದಿಕ್ಕಿನಲ್ಲೇ ಮಾತಾಡುತ್ತದೆ. ವಿಶೇಷ ಆಸಕ್ತಿಯ ಮಕ್ಕಳಿಗೆ ಪೂರಕ ಸಾಮಗ್ರಿ ಕೊಡಬೇಕು, ಶಾಲೆ, ಶಾಲಾ ಸಂಕೀರ್ಣ, ಜಿಲ್ಲಾ ಮಟ್ಟದಲ್ಲಿ ವಿಷಯವಾರು ಬಳಗಗಳಾಗಬೇಕು, ಬಿ.ಎಡ್.ನಲ್ಲಿ ಇಂಥ ಮಕ್ಕಳ ಶಿಕ್ಷಣವನ್ನೇ ವಿಶೇಷವಾಗಿ ಓದುವ ಅವಕಾಶ ಇರಬೇಕು ಎನ್ನುತ್ತದೆ. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಅನಿತಾ ಕುರುಪ್ ಅವರ ತಂಡ 2010ರ ನಂತರದ ವರ್ಷಗಳಲ್ಲಿ, ಭಾರತೀಯ ತರಗತಿಗಳಲ್ಲಿ ಇಂಥ ಮಕ್ಕಳನ್ನು ಶಿಕ್ಷಕರ ಕಣ್ಣಿನಿಂದ ಹೇಗೆ ಗುರುತಿಸಬೇಕೆಂದು ಕೆಲಸ ಮಾಡಿದೆ. ನೀತಿ ಇದೆ, ಸಂಶೋಧನೆ ಇದೆ, ನಮ್ಮ ತಾಲ್ಲೂಕಿನಲ್ಲಿ ಬಳಗ ಇಲ್ಲ.

ಹಾಗಾದರೆ ಇಲ್ಲೇ ಏನು ಮಾಡಬಹುದು? ಮೊದಲು ಓದು. ಗ್ರಾಮ ಪಂಚಾಯತಿಯ ಗ್ರಂಥಾಲಯ ಈಗ ಅರಿವು ಕೇಂದ್ರವಾಗಿದೆ, ಮಕ್ಕಳಿಗೆ ಸದಸ್ಯತ್ವ ಉಚಿತ. ಅಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳು ರಾಶಿ ಬಿದ್ದಿರುತ್ತವೆ. ಮೇಲ್ವಿಚಾರಕರ ಬೆನ್ನು ಹತ್ತಿ ಬೇರೆ ಪುಸ್ತಕ ತರಿಸಿ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲ ವಿಜ್ಞಾನ'ದ ಹಳೆಯ ಸಂಚಿಕೆಗಳು, ನಿರಂಜನರು ಸಂಪಾದಿಸಿದ 'ಜ್ಞಾನ ಗಂಗೋತ್ರಿ'ಯ ಏಳು ಸಂಪುಟ, ಕಾರಂತರ 'ಬಾಲ ಪ್ರಪಂಚ' ಎಲ್ಲಾದರೂ ಸಿಕ್ಕರೆ ಬಿಡಬೇಡಿ. ಮಾಹಿತಿ ಹಳೆಯದಾಗಿದೆ, ನಿಜ. ಆದರೆ ಹತ್ತು ವರ್ಷದ ಮಗುವನ್ನು ತಲೆ ಇರುವ ಮನುಷ್ಯ ಎಂದು ತಿಳಿದು ಬರೆದ ಕನ್ನಡ ಅದು. 1993ರಿಂದ ನಡೆದಿರುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶವನ್ನೂ ನೆನಪಿಡಿ. ಹತ್ತರಿಂದ ಹದಿನೇಳರ ಮಕ್ಕಳು ಊರಿನ ಸಮಸ್ಯೆಯೊಂದನ್ನು ಹಿಡಿದು ಕನ್ನಡದಲ್ಲೇ ಯೋಜನೆ ಮಂಡಿಸಬಹುದು. ಯೋಜನೆಯನ್ನು ಮಾಸ್ತರರೇ ಬರೆದುಕೊಡುವ ಪದ್ಧತಿ ಮಾತ್ರ ನಿಲ್ಲಲಿ.

ಎರಡನೆಯದು, ಈ ದತ್ತಿಯ ಬಡ್ಡಿ ಹಣ. ಕುಟುಂಬದವರ ಜೊತೆ ಮಾತಾಡಿಯೇ ಹೇಳುತ್ತಿದ್ದೇನೆ. ಶಾಲು, ಹಾರ, ಆಮಂತ್ರಣ ಪತ್ರಿಕೆ ಬಿಟ್ಟರೆ ಒಂದು ಶನಿವಾರದ ಬಳಗ ನಡೆಸುವಷ್ಟು ಉಳಿಯುತ್ತದೆ. ಶನಿವಾರ ಬೆಳಗಿನ ಶಾಲೆ, ಮಧ್ಯಾಹ್ನ ಬಿಡುವು. ಆರರಿಂದ ಒಂಬತ್ತನೇ ತರಗತಿಯವರೆಗಿನ ಹದಿನೈದು ಇಪ್ಪತ್ತು ಮಕ್ಕಳು, ತರಗತಿವಾರು ಬೇರೆ ಬೇರೆ ಅಲ್ಲ, ಒಟ್ಟಿಗೆ. ಆಯ್ಕೆಗೆ ಪರೀಕ್ಷೆ ಬೇಡ, ಮಾಸ್ತರರ ಒಂದು ಚೀಟಿ ಸಾಕು: ಈ ಮಗು ಇಂಥ ಪ್ರಶ್ನೆ ಕೇಳಿತು ಎಂದು ಬರೆದ ಚೀಟಿ. ಅಂಕ ಕಡಿಮೆ ಇದ್ದರೂ, ಅಕ್ಷರ ಸೊಟ್ಟ ಇದ್ದರೂ, ಬರೆಯಲು ತಡವರಿಸಿ ಬಾಯಲ್ಲಿ ಪಟಪಟನೆ ಹೇಳುವ ಮಗುವಾದರೂ ಸರಿ. ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಬಸ್ಸಿನ ಖರ್ಚಿಲ್ಲ, ಹುಡುಗರ ಟಿಕೆಟ್ ದತ್ತಿಯಿಂದ. ಅವಲಕ್ಕಿ, ಚಹಾ. ಒಂದು ಹಾಳೆಯಲ್ಲಿ ಮೂರೇ ಪ್ರಶ್ನೆ, ಒಂದು ವಾರಕ್ಕೂ ಮುಗಿಯದಂಥವು. ಬಹುಮಾನ ಇಲ್ಲ, ಫೋಟೋ ಇಲ್ಲ, ಪತ್ರಿಕೆಗೆ ಸುದ್ದಿ ಇಲ್ಲ.

ಕಷ್ಟ ಒಂದೇ. ಮಕ್ಕಳು ಬರೆದುಕೊಂಡು ಬಂದದ್ದನ್ನು ಯಾರಾದರೂ ಓದಬೇಕು, ಸರಿ ತಪ್ಪಿನ ಗುರುತು ಹಾಕಿ ಬಿಡದೆ, ಎಲ್ಲಿ ಯೋಚನೆ ತಿರುಗಿತು ಎಂದು ಅಂಚಿನಲ್ಲಿ ಎರಡು ಸಾಲು ಬರೆಯಬೇಕು. ಇಲ್ಲಿ ನಿವೃತ್ತ ಪ್ರಾಧ್ಯಾಪಕರು ಸಾಲುಸಾಲಾಗಿ ಕೂತಿದ್ದೀರಿ, ಹಿಂದೆ ಇಂಜಿನಿಯರಿಂಗ್ ಓದುವ ಹುಡುಗರಿದ್ದಾರೆ. ತಿಂಗಳಿಗೆ ಒಂದು ಶನಿವಾರ ಕೊಟ್ಟರೂ ಸಾಕು. ಹೆಸರು ಬರೆಸುವವರು ಚಹಾ ಆದ ಮೇಲೆ ಕಾರ್ಯದರ್ಶಿಗಳನ್ನು ಕಾಣಬಹುದು. ಗಣಿತದವರೇ ಆಗಬೇಕೆಂದಿಲ್ಲ, ಹಕ್ಕಿ, ಹುಲ್ಲು, ಶಾಸನ, ಛಂದಸ್ಸು ಬಲ್ಲವರೂ ಬೇಕು.